ಮನೆಯ ಸೀಲಿಂಗ್ ಫ್ಯಾನ್ ಕೆಟ್ಟಾಗ: ದೋಷ ಗುರುತಿಸುವ ಬಗೆ ಮತ್ತು ದೂರು ಸಲ್ಲಿಸುವ ವಿಧಾನ

(ಶ್ರವಣಬೆಳಗೊಳ ಹೋಬಳಿ ಹಾಗೂ ಸುತ್ತಲಿನ ಗೃಹಬಳಕೆ ವಿದ್ಯುತ್ ಗ್ರಾಹಕರ ಮಾಹಿತಿಗಾಗಿ)

ಹಾಸನ ಜಿಲ್ಲೆಯ ಪಶ್ಚಿಮಕ್ಕೆ ಸಕಲೇಶಪುರದ ಕಡೆ ಮಲೆನಾಡಿನ ತಂಪು ಇದ್ದರೆ, ಪೂರ್ವಕ್ಕಿರುವ ಚನ್ನರಾಯಪಟ್ಟಣ ತಾಲ್ಲೂಕು ಬಯಲುಸೀಮೆಯ ಹವೆಗೆ ಸೇರಿದ್ದಾಗಿದೆ. ವಿಂಧ್ಯಗಿರಿ ಮತ್ತು ಚಂದ್ರಗಿರಿ ಬೆಟ್ಟಗಳ ನಡುವೆ ಇರುವ ಶ್ರವಣಬೆಳಗೊಳದ ಮನೆಗಳಲ್ಲಿ ಮಾರ್ಚ್‌ನಿಂದ ಮೇ ತಿಂಗಳವರೆಗೆ ಫ್ಯಾನು ಹಗಲಿರುಳು ತಿರುಗುವುದು ಸಾಮಾನ್ಯ. ವರ್ಷದ ಉಳಿದ ದಿನಗಳಲ್ಲಿ ಯಾರ ಗಮನಕ್ಕೂ ಬಾರದ ದೋಷಗಳು ಈ ಮೂರು ತಿಂಗಳಲ್ಲಿಯೇ ಪ್ರಕಟವಾಗುತ್ತವೆ.

ಫ್ಯಾನು ನಿಂತಾಗ ಅಥವಾ ನಿಧಾನವಾದಾಗ ಗ್ರಾಹಕರು ಸಾಮಾನ್ಯವಾಗಿ ಎರಡರಲ್ಲಿ ಒಂದು ಕ್ರಮವನ್ನು ಅನುಸರಿಸುತ್ತಾರೆ: ಹೊಸ ಫ್ಯಾನು ಖರೀದಿಸುವುದು, ಇಲ್ಲವೇ ವಿದ್ಯುತ್ ಕಚೇರಿಗೆ ದೂರು ನೀಡುವುದು. ನೂರು ರೂಪಾಯಿಯೊಳಗಿನ ಒಂದು ಬಿಡಿಭಾಗ ಕೆಟ್ಟಿರುವಾಗ ಹೊಸ ಫ್ಯಾನು ತರುವುದು ಅನಗತ್ಯ ವೆಚ್ಚ. ಮನೆಯೊಳಗಿನ ದೋಷಕ್ಕೆ ವಿದ್ಯುತ್ ಕಚೇರಿಗೆ ದೂರು ನೀಡಿದಲ್ಲಿ ಅದು ಪರಿಹಾರವಾಗದೆ ಹಿಂದಿರುಗುತ್ತದೆ. ಇದಕ್ಕಿಂತಲೂ ಗಂಭೀರವಾದ ಸಂಗತಿಯೆಂದರೆ, ನಿಜವಾಗಿ ವಿದ್ಯುತ್ ಮಾರ್ಗದಲ್ಲಿಯೇ ಅಪಾಯಕಾರಿ ದೋಷವಿರುವಾಗ ಅದನ್ನು ಫ್ಯಾನಿನ ದೋಷವೆಂದು ಭಾವಿಸಿ ಸುಮ್ಮನಿರುವುದು. ಆದ್ದರಿಂದ ದೋಷವು ಫ್ಯಾನಿನಲ್ಲಿದೆಯೇ, ಮನೆಯ ವೈರಿಂಗ್‌ನಲ್ಲಿದೆಯೇ ಅಥವಾ ಹೊರಗಿನ ಸರಬರಾಜಿನಲ್ಲಿದೆಯೇ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳತಕ್ಕದ್ದು.

ಹೊಣೆಗಾರಿಕೆಯ ಗಡಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೇರಿದಂತೆ ಜಿಲ್ಲೆಯ ಎಲ್ಲ ತಾಲ್ಲೂಕುಗಳಿಗೆ ವಿದ್ಯುತ್ ಪೂರೈಸುವ ಸಂಸ್ಥೆಯು ಮೈಸೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ನಿಯಮಿತ, ಅಂದರೆ ಸೆಸ್ಕ್. ಈ ನಿಗಮವು 2005ರಲ್ಲಿ ಕಾರ್ಯಾರಂಭ ಮಾಡುವುದಕ್ಕೆ ಮುಂಚೆ ಹಾಸನ ಜಿಲ್ಲೆಯು ಮಂಗಳೂರಿನ ಮೆಸ್ಕಾಂ ವ್ಯಾಪ್ತಿಯಲ್ಲಿತ್ತು. ಹಿರಿಯರು ಇಂದಿಗೂ ಅದನ್ನು "ಕೆ.ಇ.ಬಿ." ಎಂದೇ ಕರೆಯುತ್ತಾರೆ, ಕಚೇರಿ ಹುಡುಕುವವರಿಗೆ ಆ ಹೆಸರಿನಿಂದಲೇ ದಾರಿ ಸಿಗುವುದೂ ಉಂಟು.

ವಿದ್ಯುತ್ ಕಂಬದಿಂದ ಮೀಟರಿನವರೆಗಿನ ತಂತಿ ಹಾಗೂ ಮೀಟರು ನಿಗಮದ ಹೊಣೆಗೆ ಸೇರಿರುತ್ತವೆ. ಮೀಟರಿನಿಂದ ಒಳಗಿನ ಮೇನ್ ಸ್ವಿಚ್, ಫ್ಯೂಸ್ ಅಥವಾ ಎಂ.ಸಿ.ಬಿ., ಗೋಡೆಯೊಳಗಿನ ವೈರು, ಸ್ವಿಚ್ಚು, ರೆಗ್ಯುಲೇಟರ್ ಮತ್ತು ಫ್ಯಾನು ಇವೆಲ್ಲವೂ ಗ್ರಾಹಕರ ಹೊಣೆ. ಮೀಟರಿನ ಸೀಲನ್ನು ಯಾವ ಕಾರಣಕ್ಕೂ ಗ್ರಾಹಕರಾಗಲಿ, ಖಾಸಗಿ ಎಲೆಕ್ಟ್ರಿಷಿಯನ್ ಆಗಲಿ ತೆಗೆಯುವಂತಿಲ್ಲ.

ಪರಿಶೀಲನೆಗೆ ಮುನ್ನ

ರೆಗ್ಯುಲೇಟರನ್ನು ಸೊನ್ನೆಗೆ ತಂದರೆ ಅಥವಾ ಗೋಡೆಯ ಸ್ವಿಚ್ ಆರಿಸಿದರೆ ಫ್ಯಾನಿನಲ್ಲಿ ವಿದ್ಯುತ್ ಇರುವುದಿಲ್ಲವೆಂದು ತಿಳಿಯಬಾರದು. ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ಫೇಸ್ ವೈರಿಗೆ ಬದಲಾಗಿ ನ್ಯೂಟ್ರಲ್ ವೈರಿಗೆ ಜೋಡಿಸಿರುವ ಸಂದರ್ಭಗಳಿವೆ. ಅಂತಹ ಮನೆಯಲ್ಲಿ ಸ್ವಿಚ್ ಆರಿಸಿದಾಗ ಫ್ಯಾನು ನಿಲ್ಲುತ್ತದೆ. ಆದರೆ ಅದರ ತಂತಿಯಲ್ಲಿ 230 ವೋಲ್ಟ್ ಹಾಗೆಯೇ ಉಳಿದಿರುತ್ತದೆ. ನಿಂತ ಫ್ಯಾನನ್ನು ಮುಟ್ಟಿ ವಿದ್ಯುದಾಘಾತಕ್ಕೆ ಒಳಗಾಗಲು ಇದು ಒಂದು ಮುಖ್ಯ ಕಾರಣ. ಆದ್ದರಿಂದ ಮೇನ್ ಸ್ವಿಚ್ಚನ್ನೇ ಆರಿಸಿ, ಅದನ್ನು ಯಾರೂ ಮತ್ತೆ ಹಾಕದಂತೆ ಮನೆಯವರಿಗೆ ತಿಳಿಸಿದ ನಂತರವೇ ಏಣಿ ಹತ್ತತಕ್ಕದ್ದು. ಮನೆಯಲ್ಲಿ ಇನ್ವರ್ಟರ್ ಇದ್ದಲ್ಲಿ ಅದನ್ನೂ ಆರಿಸಬೇಕು. ಮೇನ್ ಸ್ವಿಚ್ ಆರಿಸಿದ ಕೂಡಲೇ ಇನ್ವರ್ಟರ್ ತಾನಾಗಿಯೇ ಅದೇ ಫ್ಯಾನಿಗೆ ವಿದ್ಯುತ್ ನೀಡಲಾರಂಭಿಸುತ್ತದೆ ಎಂಬುದು ಅನೇಕರಿಗೆ ಆ ಹೊತ್ತಿನಲ್ಲಿ ನೆನಪಾಗುವುದಿಲ್ಲ.

ಏಣಿ ಅಥವಾ ಬೆಂಚು ಮರದ್ದಾಗಿರುವುದು ಒಳ್ಳೆಯದು. ಅಲ್ಯೂಮಿನಿಯಂ ಏಣಿಯ ಬಳಕೆ ಬೇಡ. ಕೆಳಗೆ ಒಬ್ಬರು ಹಿಡಿದು ನಿಂತಿರಬೇಕು. ಒದ್ದೆ ಕೈ, ಒದ್ದೆ ನೆಲ ಸಲ್ಲದು. ಕುರ್ಚಿಯ ಮೇಲೆ ಸ್ಟೂಲು ಇಟ್ಟು ಹತ್ತುವ ಅಭ್ಯಾಸದಿಂದ ಆಗುವ ಗಾಯಕ್ಕೂ ವಿದ್ಯುತ್ತಿಗೂ ಸಂಬಂಧವಿಲ್ಲದಿದ್ದರೂ, ಫ್ಯಾನು ರಿಪೇರಿಯ ಹೆಸರಿನಲ್ಲಿ ಕೈಕಾಲು ಮುರಿದುಕೊಳ್ಳುವುದು ಹೀಗೆಯೇ.

ಗ್ರಾಹಕರು ಸ್ವತಃ ಮಾಡಬಹುದಾದ ಕೆಲಸವೆಂದರೆ ನೋಡುವುದು, ಕೇಳುವುದು, ವಿದ್ಯುತ್ ಕಡಿತಗೊಳಿಸಿ ಕೈಯಿಂದ ತಿರುಗಿಸಿ ಪರೀಕ್ಷಿಸುವುದು, ಧೂಳು ಒರೆಸುವುದು ಮತ್ತು ರೆಕ್ಕೆಯ ಸ್ಕ್ರೂ ಬಿಗಿಗೊಳಿಸುವುದು. ವೈರಿನ ಜೋಡಣೆ ಬಿಚ್ಚುವ ಕೆಲಸವನ್ನು ತಿಳಿದ ಎಲೆಕ್ಟ್ರಿಷಿಯನ್‌ಗೆ ಬಿಡತಕ್ಕದ್ದು. ಆದರೆ ದೋಷ ಎಲ್ಲಿದೆ ಎಂದು ತಿಳಿದ ಗ್ರಾಹಕರಿಗೆ ರಿಪೇರಿಯವರೊಡನೆ ಮಾತನಾಡುವುದು ಸುಲಭವಾಗುತ್ತದೆ, ಬೇಡವಾದ ಭಾಗಗಳಿಗೆ ಹಣ ತೆರುವುದೂ ತಪ್ಪುತ್ತದೆ.

ಮೊದಲ ಪ್ರಶ್ನೆ: ದೋಷ ಮನೆಯ ಒಳಗೋ ಹೊರಗೋ

ಫ್ಯಾನು ತಿರುಗದಿದ್ದಾಗ ಅದೇ ಕೋಣೆಯ ದೀಪ ಉರಿಯುತ್ತಿದೆಯೇ ಎಂದು ನೋಡಬೇಕು. ದೀಪ ಉರಿಯುತ್ತಿದ್ದು ಫ್ಯಾನು ಮಾತ್ರ ನಿಂತಿದ್ದರೆ ದೋಷವು ಸ್ವಿಚ್ಚು, ರೆಗ್ಯುಲೇಟರ್ ಅಥವಾ ಫ್ಯಾನಿನಲ್ಲಿರುತ್ತದೆ. ಆ ಕೋಣೆಯಲ್ಲಿ ಏನೂ ಕೆಲಸ ಮಾಡದೆ ಪಕ್ಕದ ಕೋಣೆಯಲ್ಲಿ ಎಲ್ಲವೂ ಸರಿಯಿದ್ದರೆ ಆ ಕೋಣೆಯ ಫ್ಯೂಸ್ ಹೋಗಿದೆ ಅಥವಾ ಎಂ.ಸಿ.ಬಿ. ಕೆಳಗೆ ಬಿದ್ದಿದೆ. ಎಂ.ಸಿ.ಬಿ.ಯನ್ನು ಒಮ್ಮೆ ಮೇಲಕ್ಕೆತ್ತಿ ನೋಡಬಹುದು. ಕೂಡಲೇ ಮತ್ತೆ ಬಿದ್ದರೆ ಎಲ್ಲಿಯೋ ಶಾರ್ಟ್ ಆಗಿದೆ ಎಂದರ್ಥ. ಬಲವಂತವಾಗಿ ಮತ್ತೆ ಮತ್ತೆ ಎತ್ತುವುದಾಗಲಿ, ಫ್ಯೂಸಿಗೆ ದಪ್ಪ ತಂತಿ ಸುತ್ತುವುದಾಗಲಿ ಸಲ್ಲದು. ಆ ತೆಳು ತಂತಿ ಕರಗುವುದೇ ಮನೆಗೆ ಬೆಂಕಿ ತಗಲದಿರಲೆಂದು.

ಇಡೀ ಮನೆಯಲ್ಲಿ ವಿದ್ಯುತ್ ಇಲ್ಲದಿದ್ದು ನೆರೆಮನೆಯಲ್ಲಿ ಇದ್ದರೆ, ತಮ್ಮ ಮೇನ್ ಫ್ಯೂಸ್ ಸರಿಯಿದೆಯೇ ಎಂದು ನೋಡಿದ ನಂತರ ನಿಗಮಕ್ಕೆ ದೂರು ನೀಡಬಹುದು. ಕೆಲವೊಮ್ಮೆ ಟೆಸ್ಟರ್ ಇಟ್ಟರೆ ಸಾಕೆಟ್ಟಿನ ಎರಡೂ ರಂಧ್ರಗಳಲ್ಲಿ ದೀಪ ಹೊತ್ತುತ್ತದೆ, ಆದರೆ ಮನೆಯಲ್ಲಿ ಒಂದು ಬಲ್ಬೂ ಉರಿಯುವುದಿಲ್ಲ. "ಕರೆಂಟು ಇದೆ, ಆದರೂ ಏನೂ ನಡೆಯುತ್ತಿಲ್ಲ" ಎಂಬ ಈ ಸ್ಥಿತಿಗೆ ಮನೆಗೆ ಬರುವ ನ್ಯೂಟ್ರಲ್ ತಂತಿ ಕಡಿದಿರುವುದು ಕಾರಣ. ಇಂತಹ ವೇಳೆ ಮನೆಯ ಎಲ್ಲ ತಂತಿಗಳಲ್ಲಿಯೂ ವಿದ್ಯುತ್ ಇರುತ್ತದೆಯಾದ್ದರಿಂದ ಮೇನ್ ಸ್ವಿಚ್ ಆರಿಸಿಯೇ ಕಾಯಬೇಕು.

ಫ್ಯಾನು ವಿಪರೀತ ವೇಗದಲ್ಲಿ ತಿರುಗಿದರೆ

ಎಲ್ಲ ದೋಷಗಳಲ್ಲಿ ಅತ್ಯಂತ ತುರ್ತಿನದು ಇದು. ಆದರೆ ಇದನ್ನು ದೋಷವೆಂದು ಗುರುತಿಸುವವರು ಕಡಿಮೆ. ಫ್ಯಾನು ಇದ್ದಕ್ಕಿದ್ದಂತೆ ಎಂದಿಗಿಂತ ಜೋರಾಗಿ ತಿರುಗತೊಡಗಿ, ಬಲ್ಬುಗಳು ಕಣ್ಣು ಕುಕ್ಕುವಂತೆ ಉರಿದರೆ, ಅದೇ ಹೊತ್ತಿನಲ್ಲಿ ಬೀದಿಯ ಬೇರೊಂದು ಮನೆಯಲ್ಲಿ ದೀಪ ಮಂಕಾಗಿದ್ದರೆ, ಟ್ರಾನ್ಸ್‌ಫಾರ್ಮರಿನಿಂದ, ಅಂದರೆ ಊರಿನ ಮಾತಿನಲ್ಲಿ ಟಿ.ಸಿ.ಯಿಂದ, ಬರುವ ಮಾರ್ಗದ ನ್ಯೂಟ್ರಲ್ ತಂತಿ ಕಡಿದಿದೆ ಎಂದು ತಿಳಿಯಬೇಕು.

ಇದರ ಕಾರಣ ಹೀಗಿದೆ. ಟಿ.ಸಿ.ಯಿಂದ ಮೂರು ಫೇಸ್ ತಂತಿಗಳು ಮತ್ತು ಒಂದು ನ್ಯೂಟ್ರಲ್ ತಂತಿ ಹೊರಡುತ್ತವೆ. ಯಾವುದೇ ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಇರುತ್ತದೆ. ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್. ಬೀದಿಯ ಮನೆಗಳನ್ನು ಮೂರು ಫೇಸ್‌ಗಳಿಗೆ ಹಂಚಿರಲಾಗುತ್ತದೆ. ನ್ಯೂಟ್ರಲ್ ಗಟ್ಟಿಯಾಗಿರುವವರೆಗೆ ಪ್ರತಿ ಮನೆಗೂ ಅದರ ಪಾಲಿನ 230 ವೋಲ್ಟ್ ಮಾತ್ರ ಸಿಗುತ್ತದೆ. ನ್ಯೂಟ್ರಲ್ ಕಡಿದ ಕ್ಷಣದಲ್ಲಿ ಬೇರೆ ಬೇರೆ ಫೇಸ್‌ಗಳ ಮನೆಗಳು ಒಂದರ ಹಿಂದೊಂದು ಪೋಣಿಸಿದಂತಾಗಿ 400 ವೋಲ್ಟನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ. ಆ ಹಂಚಿಕೆ ಸಮನಾಗಿರುವುದಿಲ್ಲ. ಹೆಚ್ಚು ಉಪಕರಣ ನಡೆಯುತ್ತಿರುವ ಕಡೆ ವೋಲ್ಟೇಜ್ ಕುಸಿಯುತ್ತದೆ, ಒಂದು ಫ್ಯಾನು ಒಂದು ದೀಪ ಮಾತ್ರ ಇರುವ ಮನೆಯ ಕಡೆ ಏರುತ್ತದೆ. ಮಿತವಾಗಿ ವಿದ್ಯುತ್ ಬಳಸುವ ಮನೆಯ ಟಿ.ವಿ., ಬಲ್ಬು, ಫ್ಯಾನಿನ ಕೆಪಾಸಿಟರ್ ಸುಟ್ಟುಹೋಗುವುದು ಹೀಗೆ.

ಚನ್ನರಾಯಪಟ್ಟಣ ತಾಲ್ಲೂಕು ತೆಂಗಿನ ತೋಟಗಳ ಸೀಮೆ. ಏಪ್ರಿಲ್, ಮೇ ತಿಂಗಳ ಸಂಜೆಯ ಗಾಳಿಮಳೆಯಲ್ಲಿ ಮಾರ್ಗದ ಮೇಲೆ ತೆಂಗಿನ ಗರಿ ಬೀಳುವುದು, ಕೊಂಬೆ ಮುರಿದು ಬೀಳುವುದು ಇಂತಹ ದೋಷಕ್ಕೆ ಎಡೆಮಾಡಿಕೊಡುತ್ತದೆ. ಆದ್ದರಿಂದ ಗಾಳಿಮಳೆಯ ನಂತರ ವಿದ್ಯುತ್ ಮರಳಿ ಬಂದಾಗ ಮೊದಲು ಒಂದು ದೀಪವನ್ನು ಮಾತ್ರ ಹಾಕಿ, ಅದರ ಬೆಳಕು ಎಂದಿನಂತಿದೆ ಎಂದು ಖಚಿತಪಡಿಸಿಕೊಂಡ ಮೇಲೆ ಉಳಿದವನ್ನು ಹಾಕುವುದು ವಿವೇಕ. ಆಧುನಿಕ ಎಲ್.ಇ.ಡಿ. ದೀಪಗಳು ವೋಲ್ಟೇಜಿನ ಏರಿಳಿತವನ್ನು ತಕ್ಕಮಟ್ಟಿಗೆ ಮರೆಮಾಚುತ್ತವೆ. ಈ ಪರೀಕ್ಷೆಗೆ ಹಳೆಯ ತಂತಿಯ ಬಲ್ಬು ಅಥವಾ ಫ್ಯಾನಿನ ಸದ್ದೇ ಹೆಚ್ಚು ನಂಬಿಕೆಗೆ ಅರ್ಹ.

ಮೇಲ್ಕಂಡ ಲಕ್ಷಣ ಕಂಡುಬಂದಲ್ಲಿ ಕೂಡಲೇ ಮೇನ್ ಸ್ವಿಚ್ ಆರಿಸಿ, ನೆರೆಹೊರೆಯವರಿಗೂ ತಿಳಿಸಿ, ನಿಗಮದ ಸಹಾಯವಾಣಿ 1912ಕ್ಕೆ ಕರೆ ಮಾಡತಕ್ಕದ್ದು. ಬಿದ್ದ ತಂತಿಯ ಬಳಿ ಹೋಗಬಾರದು, ದನಕರುಗಳನ್ನೂ ಹೋಗಗೊಡಬಾರದು. ಕಂಬ ಹತ್ತಿ ತಂತಿ ಸಿಕ್ಕಿಸುವ ಸಾಹಸವನ್ನು ಊರಿನ ಯಾರೇ ಅನುಭವಿಗಳು ಮಾಡಹೊರಟರೂ ತಡೆಯತಕ್ಕದ್ದು.

ಫ್ಯಾನು ನಿಧಾನವಾಗಿ ತಿರುಗಿದರೆ

ನಿಧಾನಕ್ಕೆ ಕಾರಣಗಳು ಹಲವು. ಎಲ್ಲ ಕೋಣೆಗಳ ಫ್ಯಾನುಗಳೂ ನಿಧಾನವಾಗಿದ್ದರೆ ಸರಬರಾಜಿನ ವೋಲ್ಟೇಜ್ ಕಡಿಮೆಯಿರುವ ಸಾಧ್ಯತೆ ಹೆಚ್ಚು. ಒಂದೇ ಫ್ಯಾನು ನಿಧಾನವಾಗಿದ್ದರೆ ದೋಷ ಅದರಲ್ಲಿಯೇ ಇದೆ.

ವೋಲ್ಟೇಜ್ ಸ್ವಲ್ಪ ಇಳಿದರೂ ಫ್ಯಾನು ಬಹಳ ಸೊರಗುತ್ತದೆ. ಇಂತಹ ಮೋಟಾರಿನ ತಿರುಗಿಸುವ ಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 230 ವೋಲ್ಟಿನ ಬದಲು 180 ವೋಲ್ಟ್ ಬಂದರೆ ಉಳಿಯುವ ಬಲ ಸುಮಾರು ನೂರಕ್ಕೆ 61 ಭಾಗ ಮಾತ್ರ. ಸಂಜೆ ಏಳರಿಂದ ಹತ್ತರವರೆಗೆ ಎಲ್ಲ ಮನೆಗಳಲ್ಲಿ ಬಳಕೆ ಹೆಚ್ಚಿರುವಾಗ, ಅದರಲ್ಲಿಯೂ ಟಿ.ಸಿ.ಯಿಂದ ದೂರದ ಕೊನೆಯ ಮನೆಗಳಲ್ಲಿ, ಇದು ಕಾಣಿಸಿಕೊಳ್ಳುತ್ತದೆ. ಪಂಪ್‌ಸೆಟ್ಟುಗಳು ಅದೇ ಮಾರ್ಗದಲ್ಲಿರುವ ತೋಟದ ಮನೆಗಳಲ್ಲಿ ಮೂರು ಫೇಸ್ ಇರುವ ಅವಧಿಯಲ್ಲಿ ಫ್ಯಾನು ಸೊರಗಿ, ಪಂಪು ನಿಂತ ಮೇಲೆ ಚೇತರಿಸಿಕೊಳ್ಳುವುದುಂಟು. ರಾತ್ರಿ ಹನ್ನೊಂದರ ನಂತರ ಫ್ಯಾನು ತಾನಾಗಿಯೇ ಚುರುಕಾದರೆ ಫ್ಯಾನಿನಲ್ಲಿ ದೋಷವಿಲ್ಲ. ಇಂತಹ ಗ್ರಾಹಕರು ಮೂರು ನಾಲ್ಕು ದಿನ ಯಾವ ಹೊತ್ತಿನಲ್ಲಿ ನಿಧಾನ, ಯಾವ ಹೊತ್ತಿನಲ್ಲಿ ಸರಿ ಎಂದು ಬರೆದಿಟ್ಟುಕೊಂಡು, ಸಾಧ್ಯವಾದರೆ ಎಲೆಕ್ಟ್ರಿಷಿಯನ್‌ರಿಂದ ಮೀಟರ್ ಇಟ್ಟು ವೋಲ್ಟೇಜ್ ಅಳೆಸಿ ದೂರಿನಲ್ಲಿ ಕಾಣಿಸತಕ್ಕದ್ದು. "ಕರೆಂಟು ಡಿಮ್ಮು" ಎಂಬ ಒಂದು ಮಾತಿನ ದೂರಿಗಿಂತ ಸಮಯ ಸಹಿತವಾದ ದೂರಿನ ಮೇಲೆ ಕ್ರಮ ಕೈಗೊಳ್ಳುವುದು ಸುಲಭ.

ಒಂದೇ ಫ್ಯಾನು ನಿಧಾನವಾಗಿರುವಲ್ಲಿ ಮೇನ್ ಸ್ವಿಚ್ ಆರಿಸಿ ರೆಕ್ಕೆಯನ್ನು ಕೈಯಿಂದ ತಳ್ಳಿ ನೋಡಬೇಕು. ಸರಿಯಿರುವ ಫ್ಯಾನು ಹಗುರವಾಗಿ ಹಲವು ಸುತ್ತು ತಿರುಗಿ ಮೆಲ್ಲಗೆ ನಿಲ್ಲುತ್ತದೆ. ಬಿಗಿಯಾಗಿದ್ದು ಒಂದು ಸುತ್ತಿಗೇ ನಿಂತರೆ ಬೇರಿಂಗಿನ ಗ್ರೀಸ್ ಗಟ್ಟಿಯಾಗಿದೆ ಅಥವಾ ಬೇರಿಂಗ್ ಸವೆದಿದೆ. ತಿಂಗಳುಗಟ್ಟಲೆ ಬೀಗ ಹಾಕಿದ ಕೋಣೆಗಳಲ್ಲಿ ಇದು ಹೆಚ್ಚು. ಶ್ರವಣಬೆಳಗೊಳದಂತಹ ಯಾತ್ರಾಸ್ಥಳದಲ್ಲಿ ಜನ ಸೇರುವ ದಿನಗಳಲ್ಲಿ ಮಾತ್ರ ಕೋಣೆಗಳನ್ನು ಬಾಡಿಗೆಗೆ ಕೊಡುವ ಮನೆಯವರು ತಿಂಗಳಿಗೊಮ್ಮೆಯಾದರೂ ಅಲ್ಲಿನ ಫ್ಯಾನನ್ನು ಹತ್ತು ನಿಮಿಷ ಓಡಿಸುವುದು ಒಳಿತು.

ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ

ಸ್ವಿಚ್ ಹಾಕಿದಾಗ ಫ್ಯಾನಿನಿಂದ ಗುಂಯ್‌ಗುಡುವ ಸದ್ದು ಬಂದು ರೆಕ್ಕೆ ಕದಲದಿದ್ದರೆ, ಅಥವಾ ಮೆಲ್ಲಗೆ ತೂಗಿ ನಿಂತರೆ, ಹೆಚ್ಚಿನ ಸಂದರ್ಭಗಳಲ್ಲಿ ಕೆಟ್ಟಿರುವುದು ಕೆಪಾಸಿಟರ್. ಅಂಗಡಿಗಳಲ್ಲಿ ಇದಕ್ಕೆ ಕಂಡೆನ್ಸರ್ ಎಂದೇ ಹೆಸರು. ಮನೆಗೆ ಬರುವ ವಿದ್ಯುತ್ ಒಂದೇ ಫೇಸ್‌ನದು; ಅದು ಮೋಟಾರಿನೊಳಗೆ ಹಿಂದಕ್ಕೂ ಮುಂದಕ್ಕೂ ಜಗ್ಗುವ ಬಲವನ್ನು ಉಂಟುಮಾಡುತ್ತದೆಯೇ ವಿನಾ ಒಂದು ದಿಕ್ಕಿಗೆ ತಿರುಗಿಸುವ ಬಲವನ್ನಲ್ಲ. ಅದಕ್ಕಾಗಿ ಫ್ಯಾನಿನಲ್ಲಿ ಎರಡು ಸುರುಳಿಗಳಿರುತ್ತವೆ. ಎರಡನೆಯ ಸುರುಳಿಗೆ ಕೆಪಾಸಿಟರ್ ಮೂಲಕ ವಿದ್ಯುತ್ ಹರಿಸಿದಾಗ ಅಲ್ಲಿನ ಪ್ರವಾಹ ಮೊದಲನೆಯದಕ್ಕಿಂತ ಮುಂದಾಗುತ್ತದೆ. ಈ ಮುಂದು ಹಿಂದಿನಿಂದಲೇ ಕಾಂತಬಲ ಸುತ್ತತೊಡಗಿ ರೆಕ್ಕೆ ತಿರುಗುತ್ತದೆ. ಕೆಪಾಸಿಟರ್ ಸತ್ತರೆ ಮೋಟಾರು ಜಗ್ಗಾಡುತ್ತದೆ, ತಿರುಗುವುದಿಲ್ಲ. ಕೇಳುವ ಗುಂಯ್ ಸದ್ದು ಅದೇ. ಕೆಪಾಸಿಟರ್ ಪೂರ್ತಿ ಸಾಯದೆ ದುರ್ಬಲವಾಗಿದ್ದರೆ ಫ್ಯಾನು ತಿರುಗುತ್ತದೆ, ಆದರೆ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಒಣಗಿದ ಮರದ ಕೋಲಿನಿಂದ ರೆಕ್ಕೆಯನ್ನು ಮೆಲ್ಲಗೆ ತಳ್ಳಿ ನೋಡುವುದು ರಿಪೇರಿಯವರ ರೂಢಿ. ತಳ್ಳಿದ ದಿಕ್ಕಿಗೆ ಫ್ಯಾನು ತಿರುಗತೊಡಗಿದರೆ ದೋಷ ಕೆಪಾಸಿಟರಿನದೇ. ತಳ್ಳಿದರೂ ನಿಂತರೆ ಬೇರಿಂಗ್ ಹಿಡಿದಿರಬಹುದು ಅಥವಾ ಸುರುಳಿ ಸುಟ್ಟಿರಬಹುದು. ಮಕ್ಕಳಿರುವ ಮನೆಯಲ್ಲಿ ಈ ಪರೀಕ್ಷೆಯನ್ನು ಅವರ ಎದುರು ಮಾಡದಿರುವುದು ಲೇಸು. ಅವರು ಅದನ್ನು ಆಟವೆಂದು ಕಲಿಯುತ್ತಾರೆ. ತಿರುಗದೆ ಗುಂಯ್ ಎನ್ನುವ ಫ್ಯಾನನ್ನು ಹಾಗೆಯೇ ಹಾಕಿಬಿಟ್ಟರೆ ಸುರುಳಿ ಕಾದು ಸುಟ್ಟು, ಚಿಕ್ಕ ರಿಪೇರಿ ದೊಡ್ಡದಾಗುತ್ತದೆ.

ಕೆಪಾಸಿಟರ್ ಬದಲಿಸುವಾಗ ಹಳೆಯದರ ಮೇಲೆ ನಮೂದಿಸಿರುವ ಅಳತೆಯದನ್ನೇ ತರಬೇಕು. ಸಾಮಾನ್ಯ ಫ್ಯಾನುಗಳಲ್ಲಿ 2.5 ಮೈಕ್ರೋಫ್ಯಾರಡ್ ಹೆಚ್ಚು ಬಳಕೆಯಲ್ಲಿದೆ. ಕೆಲವು ಮಾದರಿಗಳಲ್ಲಿ 2.25 ಅಥವಾ 3.15 ಇರುತ್ತದೆ. ಗಾಳಿ ಹೆಚ್ಚು ಬರಲೆಂದು ದೊಡ್ಡ ಅಳತೆಯದನ್ನು ಹಾಕುವ ಪದ್ಧತಿ ಕೆಲವೆಡೆ ಇದೆ. ಅದರಿಂದ ಕೆಲವು ದಿನ ಗಾಳಿ ಹೆಚ್ಚಿದಂತೆ ಕಂಡರೂ ಸುರುಳಿ ಮಿತಿಮೀರಿ ಕಾಯುತ್ತದೆ. ಮೇನ್ ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದಾದ್ದರಿಂದ ಅದರ ವೈರಿನ ತುದಿಗಳನ್ನು ಬರಿಗೈಯಿಂದ ಮುಟ್ಟಬಾರದು. ಹೊಸದನ್ನು ಹಾಕಿದ ಮೇಲೆ ಫ್ಯಾನು ಜೋರಾಗಿ ತಿರುಗಿಯೂ ಕೆಳಗೆ ಗಾಳಿ ಬಾರದಿದ್ದರೆ ಜೋಡಣೆ ತಿರುಗುಮುರುಗಾಗಿ ಫ್ಯಾನು ಹಿಮ್ಮುಖ ಸುತ್ತುತ್ತಿದೆ. ರಿಪೇರಿಯವರು ಹೊರಡುವ ಮುನ್ನವೇ ಇದನ್ನು ನೋಡಿಕೊಳ್ಳತಕ್ಕದ್ದು.

ಸುಟ್ಟ ವಾಸನೆ ಬಂದು ಫ್ಯಾನು ನಿಂತರೆ ಸುರುಳಿ ಹೋಗಿದೆ. ರೀವೈಂಡಿಂಗ್ ಮಾಡಿಸಬಹುದು. ಹಳೆಯ, ಭಾರವಾದ ಗಟ್ಟಿ ಫ್ಯಾನಾದರೆ ಅದು ಲಾಭ. ಅಗ್ಗದ ಫ್ಯಾನಿಗೆ ಆ ಖರ್ಚು ದಂಡ.

ರೆಗ್ಯುಲೇಟರ್

ಐದನೆಯ ಸ್ಥಾನದಲ್ಲಿ ಮಾತ್ರ ತಿರುಗಿ ಉಳಿದ ಸ್ಥಾನಗಳಲ್ಲಿ ನಿಲ್ಲುವ, ಅಥವಾ ಎಲ್ಲಿ ಇಟ್ಟರೂ ಒಂದೇ ವೇಗದಲ್ಲಿ ತಿರುಗುವ ಫ್ಯಾನಿನ ದೋಷ ರೆಗ್ಯುಲೇಟರಿನದು. ಎಲೆಕ್ಟ್ರಿಷಿಯನ್ ರೆಗ್ಯುಲೇಟರನ್ನು ಬಿಟ್ಟು ನೇರವಾಗಿ ಜೋಡಿಸಿ ನೋಡಿದರೆ ಅದು ತಿಳಿಯುತ್ತದೆ. ಹಳೆಯ ದೊಡ್ಡ ಪೆಟ್ಟಿಗೆಯಂತಹ ರೆಗ್ಯುಲೇಟರುಗಳು ವೇಗ ತಗ್ಗಿಸುವುದು ವಿದ್ಯುತ್ತಿನ ಒಂದು ಭಾಗವನ್ನು ಶಾಖವಾಗಿ ಕಳೆಯುವ ಮೂಲಕ. ಅವು ಬಿಸಿಯಾಗುವುದು ಇದರಿಂದ. ಅಂತಹ ರೆಗ್ಯುಲೇಟರ್ ಇರುವಲ್ಲಿ ಫ್ಯಾನನ್ನು ಎರಡರಲ್ಲಿ ಇಟ್ಟರೆ ಬಿಲ್ಲು ಅರ್ಧಕ್ಕಿಳಿಯುತ್ತದೆ ಎಂಬ ನಂಬಿಕೆ ಸರಿಯಲ್ಲ. ಈಗಿನ ಎಲೆಕ್ಟ್ರಾನಿಕ್ ರೆಗ್ಯುಲೇಟರುಗಳಲ್ಲಿ ಉಳಿತಾಯ ನಿಜವಾಗಿ ಆಗುತ್ತದೆ, ಆದರೆ ಅವುಗಳಲ್ಲಿ ಕೆಲವು ಕಡಿಮೆ ವೇಗದಲ್ಲಿ ಫ್ಯಾನಿನಿಂದ ಸಣ್ಣ ಗುನುಗು ಹೊರಡಿಸುತ್ತವೆ. ಅದು ಅಪಾಯದ ಲಕ್ಷಣವಲ್ಲ. ರಿಮೋಟ್‌ನಿಂದ ನಡೆಯುವ ಬಿ.ಎಲ್.ಡಿ.ಸಿ. ಫ್ಯಾನುಗಳನ್ನು ಗೋಡೆಯ ರೆಗ್ಯುಲೇಟರ್ ಮೂಲಕ ಜೋಡಿಸಬಾರದು. ಹಾಗೆ ಜೋಡಿಸಿ ಕೆಟ್ಟರೆ ಖಾತರಿ ಅವಧಿಯ ದುರಸ್ತಿಗೂ ತಕರಾರು ಬರಬಹುದು.

ಸದ್ದು, ತೂಗಾಟ ಮತ್ತು ಬೀಳುವ ಅಪಾಯ

ಟಕ್ ಟಕ್ ಸದ್ದಿಗೆ ಸಡಿಲ ಸ್ಕ್ರೂ, ಗರಗರ ಸದ್ದಿಗೆ ಬೇರಿಂಗ್ ಕಾರಣವೆಂದು ಸಾಮಾನ್ಯವಾಗಿ ಹೇಳಬಹುದು. ಫ್ಯಾನು ತೂಗಾಡುತ್ತಿದ್ದರೆ ಮೊದಲು ರೆಕ್ಕೆಗಳ ಮೇಲ್ಭಾಗದ ಧೂಳನ್ನು ಒರೆಸಬೇಕು. ಒಂದರಲ್ಲಿ ಹೆಚ್ಚು ಇನ್ನೊಂದರಲ್ಲಿ ಕಡಿಮೆ ಧೂಳು ಕುಳಿತರೂ ಸಮತೋಲ ತಪ್ಪುತ್ತದೆ. ಮೂರು ರೆಕ್ಕೆಗಳನ್ನು ತೂಕ ಹೊಂದಿಸಿ ಒಂದು ಜೊತೆಯಾಗಿ ಮಾಡಿರುತ್ತಾರೆ. ಬಾಗಿದ ಒಂದು ರೆಕ್ಕೆಯ ಬದಲಿಗೆ ಬೇರೆ ಫ್ಯಾನಿನ ರೆಕ್ಕೆ ಹಾಕಿದರೆ ತೂಗಾಟ ನಿಲ್ಲದು.

ತೂಗಾಟವನ್ನು ಕೇವಲ ಕಿರಿಕಿರಿಯೆಂದು ಬಿಡಬಾರದು. ಫ್ಯಾನಿನ ಪೂರ್ಣ ಭಾರವು ನಿಂತಿರುವುದು ಮೇಲಿನ ಬಟ್ಟಲಿನೊಳಗೆ ಕಣ್ಣಿಗೆ ಕಾಣದಿರುವ ಒಂದು ಬೋಲ್ಟು, ಅದು ಕಳಚದಂತೆ ತಡೆಯುವ ಒಂದು ಪಿನ್ನು ಮತ್ತು ಕೊಕ್ಕೆಗೂ ರಾಡಿಗೂ ನಡುವಿನ ರಬ್ಬರು ಗಾಲಿ ಇವುಗಳ ಮೇಲೆ. ತೂಗಾಡುವ ಫ್ಯಾನು ಪ್ರತಿ ಸುತ್ತಿಗೂ ಈ ರಬ್ಬರನ್ನು ಉಜ್ಜುತ್ತದೆ. ರಬ್ಬರು ಬಿರಿದ ಮೇಲೆ ಕಬ್ಬಿಣ ಕಬ್ಬಿಣವನ್ನು ತಿನ್ನುತ್ತದೆ. ಪಿನ್ನು ತುಕ್ಕು ಹಿಡಿದು ಉದುರಿದರೆ ಬೋಲ್ಟು ಜರುಗುತ್ತಾ ಹೋಗುತ್ತದೆ. ಫ್ಯಾನು ಬೀಳುವುದು ಒಂದು ದಿನದ ಅಪಘಾತವಾಗಿ ಕಂಡರೂ ಅದರ ಸಿದ್ಧತೆ ವರ್ಷಗಳದು. ಬೇಸಿಗೆ ಆರಂಭವಾಗುವ ಮುನ್ನ, ಶಿವರಾತ್ರಿಯ ಹೊತ್ತಿಗೆ, ಬಟ್ಟಲನ್ನು ಕೆಳಗಿಳಿಸಿ ಬೋಲ್ಟು, ಪಿನ್ನು, ರಬ್ಬರು ಈ ಮೂರನ್ನೂ ನೋಡಿಸುವ ರೂಢಿಯನ್ನು ಪ್ರತಿ ಮನೆಯವರೂ ಇಟ್ಟುಕೊಳ್ಳತಕ್ಕದ್ದು. ಮಗುವಿನ ತೊಟ್ಟಿಲನ್ನೂ ವೃದ್ಧರ ಮಂಚವನ್ನೂ ಫ್ಯಾನಿನ ನೇರ ಕೆಳಗೆ ಇಡದಿರುವುದು ಉತ್ತಮ.

ಹೆಂಚಿನ ಮನೆಗಳಲ್ಲಿ ಫ್ಯಾನನ್ನು ಮರದ ತೊಲೆಗೆ ತೂಗುಹಾಕಿರುತ್ತಾರೆ. ತೊಲೆಗೆ ಗೆದ್ದಲು ಹಿಡಿದಿದೆಯೇ, ಕೊಕ್ಕೆಯ ಸುತ್ತ ಮರ ಸೀಳಿದೆಯೇ ಎಂದು ಬಡಿದು ನೋಡಬೇಕು. ತೊಲೆಯನ್ನು ಬಳಸಿ ಸುತ್ತಿದ ಕಬ್ಬಿಣದ ಪಟ್ಟಿಯು ಒಳಕ್ಕೆ ತಿರುಪಿದ ಕೊಕ್ಕೆಗಿಂತ ಹೆಚ್ಚು ಭದ್ರ. ಹೆಂಚು ಸೋರುವ ಕಡೆ ನೀರು ರಾಡಿನ ಮೂಲಕ ಮೋಟಾರಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ಫ್ಯಾನಿನ ಮೇಲೆ ನೀರಿನ ಗುರುತು ಕಂಡರೆ ಅದನ್ನು ಹಾಕಲೇಬಾರದು. ತಗ್ಗಿನ ಛಾವಣಿಯ ಹಳೆಯ ಮನೆಗಳಲ್ಲಿ ರೆಕ್ಕೆಯು ನೆಲದಿಂದ ಕನಿಷ್ಠ 2.4 ಮೀಟರ್, ಅಂದರೆ ಸುಮಾರು ಎಂಟು ಅಡಿ, ಎತ್ತರದಲ್ಲಿರುವಂತೆ ನೋಡಿಕೊಳ್ಳಬೇಕು. ಅಷ್ಟು ಎತ್ತರ ಸಿಗದ ಕೋಣೆಗೆ ಗೋಡೆಯ ಫ್ಯಾನು ಸೂಕ್ತ.

ಫ್ಯಾನು, ರಾಡು ಅಥವಾ ರೆಗ್ಯುಲೇಟರ್ ಮುಟ್ಟಿದಾಗ ಜುಮ್ಮೆಂದರೆ ಅದನ್ನು ಬಳಸುವುದನ್ನು ಅಂದೇ ನಿಲ್ಲಿಸತಕ್ಕದ್ದು. ಅರ್ತಿಂಗ್ ಸರಿಯಿದೆಯೇ ಎಂದು ಪರೀಕ್ಷಿಸಿ, ಮೇನ್ ಸ್ವಿಚ್ಚಿನ ಬಳಿ 30 ಮಿಲಿ ಆಂಪಿಯರ್‌ನ ಆರ್.ಸಿ.ಸಿ.ಬಿ. ಅಳವಡಿಸಿದರೆ, ಸೋರಿಕೆಯಾದ ಕೂಡಲೇ ವಿದ್ಯುತ್ ಕಡಿತವಾಗುತ್ತದೆ. ಎಂ.ಸಿ.ಬಿ. ವೈರನ್ನು ಕಾಯುತ್ತದೆ, ಆರ್.ಸಿ.ಸಿ.ಬಿ. ಮನುಷ್ಯನನ್ನು ಕಾಯುತ್ತದೆ, ಒಂದು ಇನ್ನೊಂದರ ಕೆಲಸ ಮಾಡದು. ಯಾರಿಗಾದರೂ ವಿದ್ಯುದಾಘಾತವಾದರೆ ಅವರನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಿ, 108ಕ್ಕೆ ಕರೆ ಮಾಡಬೇಕು.

ಹೊಸ ಫ್ಯಾನು ಕೊಳ್ಳುವುದಾದರೆ

ಸೀಲಿಂಗ್ ಫ್ಯಾನುಗಳ ಮೇಲೆ ನಕ್ಷತ್ರಗಳ ಗುರುತು 2023ರ ಜನವರಿ 1ರಿಂದ ಕಡ್ಡಾಯವಾಗಿದೆ. ಸುಮಾರು 75 ವ್ಯಾಟಿನ ಹಳೆಯ ಫ್ಯಾನು ದಿನಕ್ಕೆ 12 ಗಂಟೆಯಂತೆ 30 ದಿನ ಓಡಿದರೆ 27 ಯೂನಿಟ್ ವೆಚ್ಚವಾಗುತ್ತದೆ. 30 ವ್ಯಾಟಿನ ಬಿ.ಎಲ್.ಡಿ.ಸಿ. ಫ್ಯಾನಿಗೆ 11 ಯೂನಿಟ್ ಸಾಲದೆ ಬಾರದು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳಲ್ಲಿ ಬೇಸಿಗೆಯಲ್ಲಿ 200 ಯೂನಿಟ್ಟಿನ ಅಂಚಿಗೆ ಬರುವ ಕುಟುಂಬಗಳಿಗೆ ಈ ವ್ಯತ್ಯಾಸ ಗಣನೀಯ; ಆ ಮಿತಿ ದಾಟಿದ ತಿಂಗಳಲ್ಲಿ ಪೂರ್ಣ ಬಿಲ್ಲನ್ನು ಪಾವತಿಸಬೇಕಾಗುತ್ತದೆ. ಆದರೆ ಮಲಗುವ ಕೋಣೆಯ ಒಂದು ಫ್ಯಾನನ್ನು ಬದಲಿಸಿದರೆ ಸಿಗುವ ಉಳಿತಾಯ, ಅಪರೂಪಕ್ಕೆ ಹಾಕುವ ನಡುಮನೆಯ ಫ್ಯಾನನ್ನು ಬದಲಿಸಿದರೆ ಸಿಗುವುದಿಲ್ಲ.

ಬಿಲ್ಲು ಮತ್ತು ಖಾತರಿ ಪತ್ರವನ್ನು ದಿನಾಂಕ ಹಾಗೂ ಅಂಗಡಿಯ ಮೊಹರಿನೊಡನೆ ಪಡೆದು ಇಟ್ಟುಕೊಳ್ಳತಕ್ಕದ್ದು. ಖಾತರಿ ಅವಧಿಯಲ್ಲಿ ದುರಸ್ತಿಗೆ ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಸಲ್ಲಿಸಲು ಅವಕಾಶವಿದೆ. ಫ್ಯಾನನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. 5 ಲಕ್ಷ ರೂಪಾಯಿಯವರೆಗಿನ ಮೌಲ್ಯದ ಪ್ರಕರಣಗಳಿಗೆ ಶುಲ್ಕವಿಲ್ಲ.

ಸರಬರಾಜಿನ ದೋಷಕ್ಕೆ ದೂರು

ಮೇಲ್ಕಂಡ ಪರಿಶೀಲನೆಯಿಂದ ದೋಷವು ಮೀಟರಿನ ಹೊರಗಿದೆ ಎಂದು ತಿಳಿದುಬಂದಲ್ಲಿ 1912ಕ್ಕೆ ಕರೆ ಮಾಡಿ ಅಥವಾ ಸಂಬಂಧಪಟ್ಟ ಉಪವಿಭಾಗದ ಕಚೇರಿಗೆ ಖುದ್ದಾಗಿ ಹೋಗಿ ದೂರು ದಾಖಲಿಸಬಹುದು. ವಿದ್ಯುತ್ ಬಿಲ್ಲಿನ ಮೇಲಿರುವ ಆರ್.ಆರ್. ಸಂಖ್ಯೆ, ಊರು ಮತ್ತು ಬೀದಿ, ಹತ್ತಿರದ ಟಿ.ಸಿ. ಇರುವ ಸ್ಥಳ, ದೋಷ ಕಂಡ ಸಮಯ, ನೆರೆಮನೆಗಳಲ್ಲಿಯೂ ಅದೇ ತೊಂದರೆ ಇದೆಯೇ ಎಂಬ ವಿವರಗಳನ್ನು ತಿಳಿಸತಕ್ಕದ್ದು. ಬಾಡಿಗೆ ಮನೆಯವರೂ ಮಾಲೀಕರ ಹೆಸರಿನಲ್ಲಿರುವ ಆರ್.ಆರ್. ಸಂಖ್ಯೆಯನ್ನೇ ತಿಳಿಸಿ ದೂರು ನೀಡಬಹುದು. ದೂರಿನ ಸಂಖ್ಯೆಯನ್ನು ತಪ್ಪದೆ ಬರೆದಿಟ್ಟುಕೊಳ್ಳಬೇಕು.

ವೋಲ್ಟೇಜ್ ಕೊರತೆಯಂತಹ ದೀರ್ಘಕಾಲದ ತೊಂದರೆಗೆ ಬೀದಿಯ ಹಲವರು ಸೇರಿ ಲಿಖಿತ ಮನವಿ ಸಲ್ಲಿಸಿ, ಅದರ ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಪಡೆಯುವುದು ಹೆಚ್ಚು ಉಪಯುಕ್ತ, ಟಿ.ಸಿ.ಯ ಸಾಮರ್ಥ್ಯ ಹೆಚ್ಚಿಸುವುದು, ಹೊರೆಯನ್ನು ಮೂರು ಫೇಸ್‌ಗಳಿಗೆ ಸಮನಾಗಿ ಹಂಚುವುದು ಮುಂತಾದವು ಒಂದು ಮನೆಯ ದೂರಿನಿಂದ ಆಗುವ ಕೆಲಸಗಳಲ್ಲ. ಪರಿಹಾರ ದೊರೆಯದಿದ್ದಲ್ಲಿ 2003ರ ವಿದ್ಯುಚ್ಛಕ್ತಿ ಅಧಿನಿಯಮದ 42ನೇ ಪ್ರಕರಣದ ಪ್ರಕಾರ ರಚಿತವಾದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಅರ್ಜಿ ಸಲ್ಲಿಸಬಹುದು. ವೇದಿಕೆಯ ತೀರ್ಮಾನ ತೃಪ್ತಿಕರವಾಗಿಲ್ಲದಿದ್ದರೆ ಬೆಂಗಳೂರಿನಲ್ಲಿರುವ ವಿದ್ಯುತ್ ಓಂಬುಡ್ಸ್‌ಮನ್‌ರಿಗೆ ಮನವಿ ಮಾಡಿಕೊಳ್ಳಲು ಅವಕಾಶವಿದೆ. ಈ ಎರಡೂ ಹಂತಗಳಲ್ಲಿ ಮೊದಲ ದೂರಿನ ಸಂಖ್ಯೆ ಮತ್ತು ದಿನಾಂಕವನ್ನು ಅರ್ಜಿಯಲ್ಲಿ ಕಾಣಿಸಿ, ಸ್ವೀಕೃತಿಯ ಪ್ರತಿಯನ್ನು ಲಗತ್ತಿಸತಕ್ಕದ್ದು.